ಅಗ್ನಿಪರ್ವತಗಳ ಮುನ್ಸೂಚನೆ

ಕೊಳ್ಳೇಗಾಲದ ತೆಂಕಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲೂ, ಮೂಡಣಕ್ಕೆ ಹನೂರಿನಾಚೆ ಮಹದೇಶ್ವರನ ಬೆಟ್ಟಗಳೂ ಹಬ್ಬಿವೆ. ಇವುಗಳಲ್ಲಿ ಒಂದೂ ಅಗ್ನಿಪರ್ವತವಲ್ಲ. ಇಲ್ಲಿಯ ಕಗ್ಗಲ್ಲು ಸುಮಾರು 250 ಕೋಟಿ ವರ್ಷಗಳ ಹಿಂದೆಯೇ ಭೂಗರ್ಭದ ಆಳದಲ್ಲಿ ಬೆಂದು ಮಾಗಿದುದು. ಆದರೂ ಭೂಮಿಯ ಅಶಾಂತಿಯು ಈ ಸೀಮೆಗೆ ಅಪರಿಚಿತವೇನೂ ಅಲ್ಲ.

1900ನೆಯ ಫೆಬ್ರವರಿ 8ರ ನಸುಕಿನಲ್ಲಿ ಕೊಯಮತ್ತೂರಿನ ಭೂಕಂಪವು ದಕ್ಷಿಣ ಭಾರತದ ಬಹುಭಾಗವನ್ನು ನಡುಗಿಸಿತು. ಅಂದು ಹನೂರನ್ನೊಳಗೊಂಡ ಕೊಳ್ಳೇಗಾಲವು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರಿನದಾಗಿತ್ತು. ಮನುಷ್ಯರು ಎಳೆದ ಈ ಗಡಿಯನ್ನು ಭೂಮಿಯು ಲೆಕ್ಕಿಸುವುದಿಲ್ಲ. ಅದಕ್ಕೂ ಮೊದಲು, 1883ನೆಯ ಆಗಸ್ಟಿನಲ್ಲಿ ಜಾವಾದ ಬಳಿಯ ಕ್ರಾಕಟೋವಾ ಸಿಡಿದಾಗ, ಅದರ ಧೂಳಿನಿಂದ ಮದರಾಸಿನಲ್ಲಿ ಸೂರ್ಯನೇ ಹಸುರಾಗಿ ಕಂಡನು.

ಭೂಕಂಪದ ದಿನವನ್ನು ಮೊದಲೇ ಹೇಳುವ ವಿದ್ಯೆ ಇನ್ನೂ ನಮಗೆ ಕೈಗೂಡಿಲ್ಲ. ಅಗ್ನಿಪರ್ವತವಾದರೋ ಅನೇಕ ವೇಳೆ ತನ್ನ ಇಂಗಿತವನ್ನು ಮುಂದಾಗಿ ತೋರುವುದು. ಕರಗಿದ ಶಿಲೆಯು ಮೇಲೇರಿದಂತೆ ನೆಲವು ಸಣ್ಣಗೆ ನಡುಗುವುದು, ಉಬ್ಬುವುದು. ಬಿರುಕುಗಳಿಂದ ಗಂಧಕದ ಅನಿಲ ಹೊರಡುವುದು. ಇಟಲಿಯ ವಿಸೂವಿಯಸ್ ಪರ್ವತದ ಮೇಲೆ 1841ರಲ್ಲಿ ಸ್ಥಾಪಿತವಾದ ವೀಕ್ಷಣಾಲಯದಲ್ಲಿ ಪಾಲ್ಮಿಯೇರಿ ಎಂಬ ವಿದ್ವಾಂಸರು ವಿದ್ಯುತ್ತಿನಿಂದ ನಡೆಯುವ ಕಂಪನಯಂತ್ರವನ್ನು ನಿರ್ಮಿಸಿ ಈ ನಾಡಿಪರೀಕ್ಷೆಗೆ ದಾರಿ ತೋರಿದರು.

ಆದರೆ ನಾಡಿಯನ್ನು ಅರಿತ ಮಾತ್ರಕ್ಕೆ ರೋಗಿ ಉಳಿಯುವನೇ? ಕೊಲಂಬಿಯಾದ ನೆವಾಡೋ ಡೆಲ್ ರೂಯಿಸ್ ಪರ್ವತದ ಅಪಾಯಪ್ರದೇಶಗಳನ್ನು ತೋರಿಸುವ ಭೂಪಟವು 1985ನೆಯ ಅಕ್ಟೋಬರಿನಲ್ಲಿಯೇ ಸಿದ್ಧವಾಗಿತ್ತು. ನವೆಂಬರ್ 13ರ ರಾತ್ರಿ ಶಿಖರದ ಹಿಮ ಕರಗಿ ಹರಿದ ಕೆಸರಿನ ಪ್ರವಾಹವು ಆರ್ಮೇರೋ ಪಟ್ಟಣವನ್ನು ಮುಟ್ಟಲು ಎರಡು ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ಆದರೂ ಊರು ತೆರವಾಗಲಿಲ್ಲ. ಸುಮಾರು 23,000 ಜನರು ಮಡಿದರು.

ಆರು ವರ್ಷಗಳ ತರುವಾಯ ಫಿಲಿಪ್ಪೀನ್ಸಿನ ಪಿನಟೂಬೋ ಎಚ್ಚೆತ್ತಿತು. 1991ನೆಯ ಮೇ ತಿಂಗಳಿನಲ್ಲಿ ಗಂಧಕದ ಅನಿಲವು ದಿನಕ್ಕೆ 500 ಟನ್ನಿನಿಂದ 5,000 ಟನ್ನಿಗೆ ಏರಿ, ಜೂನ್ ಮೊದಲಲ್ಲಿ ಥಟ್ಟನೆ ಇಳಿಯಿತು. ಪರ್ವತವು ಶಾಂತವಾಯಿತೆಂದು ಪ್ರಾಜ್ಞರು ಭ್ರಮಿಸಲಿಲ್ಲ. ಒಳದಾರಿ ಮುಚ್ಚಿ ಒತ್ತಡ ಹೆಚ್ಚುತ್ತಿರಬಹುದೆಂದು ಶಂಕಿಸಿದರು. ಅಗ್ನಿಪರ್ವತದ ಹಾವಳಿಯನ್ನು ತೋರಿಸುವ ಚಲನಚಿತ್ರವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿ ಮನವೊಪ್ಪಿಸಿದರು. ಚಿತ್ರವನ್ನು ತೆಗೆದ ಮೋರಿಸ್ ಕ್ರಾಫ್ಟ್ ಜಪಾನಿನ ಉನ್ಜೆನ್ ಪರ್ವತದಲ್ಲಿ ಜೂನ್ 3ರಂದು ಪ್ರಾಣವಿತ್ತರು. ಅವರ ಚಿತ್ರವು ಬೇರೊಂದು ದೇಶದಲ್ಲಿ ಪ್ರಾಣಗಳನ್ನು ಉಳಿಸಿತು. ಜೂನ್ 15ರಂದು ಪರ್ವತವು ಮಹಾಸ್ಫೋಟಗೊಳ್ಳುವ ವೇಳೆಗೆ ಹತ್ತಾರು ಸಾವಿರ ಜನರು ದೂರ ಸರಿದಿದ್ದರು.

ಎರಡು ಕಡೆಯೂ ಪರ್ವತವು ಸೂಚನೆಯನ್ನು ಕೊಟ್ಟಿತ್ತು. ಒಂದು ಕಡೆ ಅದು ಭೂಪಟದಲ್ಲಿಯೇ ಉಳಿಯಿತು. ಇನ್ನೊಂದು ಕಡೆ ಜನರ ಮನಸ್ಸನ್ನು ಮುಟ್ಟಿತು. ನಮ್ಮ ಸೀಮೆಯಲ್ಲಿ ಬೆಂಕಿಯ ಭಯವಿಲ್ಲದಿದ್ದರೂ ಕಾವೇರಿಯ ಭಯವುಂಟು. ಕನ್ನಂಬಾಡಿ, ಕಬಿನಿ ಕಟ್ಟೆಗಳಿಂದ ಹೆಚ್ಚು ನೀರು ಬಿಟ್ಟಾಗ ಕೊಳ್ಳೇಗಾಲದ ಹೊಳೆದಂಡೆಯ ದಾಸನಪುರ ಮೊದಲಾದ ಹಳ್ಳಿಗಳು ಜಲಾವೃತವಾಗುವುದನ್ನು ನಾವು 2018 ಮತ್ತು 2019ರಲ್ಲಿ ಕಂಡೆವು. ಅಲ್ಲಿಯೂ ನೀರನ್ನು ಅಳೆಯುವುದು ಅರ್ಧ ಕೆಲಸ. ಆ ಅಳತೆಯನ್ನು ನಂಬಿ ಹಟ್ಟಿಯ ಕಟ್ಟಕಡೆಯ ಮನೆಯವನೂ ದನಕರುಗಳೊಡನೆ ದಿಬ್ಬ ಸೇರುವಂತೆ ಮಾಡುವುದು ಉಳಿದರ್ಧ.