ಟಾಟಾ ಇನ್‌ಸ್ಟಿಟ್ಯೂಟಿನ ಒಂದು ಹೆಡ್‌ಕೌಂಟ್ ಜಗಳ

ಹೆಬ್ಬಾಳದ ಫ್ಲೈಓವರ್ ಆಚೀಚೆ ಇರೋ ನಮ್ಮಂಥ ಕಂಪನಿಗಳಲ್ಲಿ ಎಚ್‌ಆರ್ ಅಂದ್ರೆ ಈಗ ಬರೀ ಸಂಬಳ, ರಜೆ ಅಲ್ಲ. ಪೋಲೆಂಡಿನವರೊಬ್ಬರು ಇಲ್ಲಿ ಒಂದು ವರ್ಷ ಕೆಲಸ ಮಾಡಬೇಕು ಅಂದ್ರೆ ಎಂಪ್ಲಾಯ್‌ಮೆಂಟ್ ವೀಸಾ ಆಗಬೇಕು, ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಓದಲ್ಲಿ ನೋಂದಣಿ ಆಗಬೇಕು, ಎರಡೂ ದೇಶದ ಟ್ಯಾಕ್ಸ್ ಲೆಕ್ಕ ಹೊಂದಬೇಕು. ಇದನ್ನೆಲ್ಲ ಟ್ರ್ಯಾಕ್ ಮಾಡೋ ಸಾಫ್ಟ್‌ವೇರ್ ಬರೆಯೋದು ನನ್ನ ಹೊಟ್ಟೆಪಾಡು. ಅದರಲ್ಲಿ ಎಲ್ಲರೂ ಬೈದುಕೊಳ್ಳೋ ಸ್ಟೇಟಸ್ ಒಂದಿದೆ: 'ಅಪ್ರೂವಲ್ ಪೆಂಡಿಂಗ್'.

ಬೆಂಗಳೂರಿನಲ್ಲಿ ಆ ಸ್ಟೇಟಸ್ಸಿಗೆ ಸಿಕ್ಕಿಹಾಕಿಕೊಂಡವರಲ್ಲಿ ಬಹುದೊಡ್ಡ ಹೆಸರು ಮ್ಯಾಕ್ಸ್ ಬಾರ್ನ್. ಎಲೆಕ್ಟ್ರಾನ್ ಎಲ್ಲಿದೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಎಲ್ಲಿ ಸಿಗಬಹುದು ಅನ್ನೋ ಸಂಭವವನ್ನಷ್ಟೇ ಲೆಕ್ಕ ಹಾಕಬಹುದು ಅಂತ 1926ರಲ್ಲಿ ಹೇಳಿದ ಜರ್ಮನ್ ವಿಜ್ಞಾನಿ. ಪಿಯುಸಿ ಕೆಮಿಸ್ಟ್ರಿಯ ಆರ್ಬಿಟಲ್ ಚಿತ್ರಗಳ ಹಿಂದಿರೋದು ಅದೇ ಲೆಕ್ಕ.

ಯಶವಂತಪುರದ ಪಕ್ಕದ ಐಐಎಸ್‌ಸಿಯನ್ನು ನಮ್ಮ ಬಸ್ ಕಂಡಕ್ಟರುಗಳು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯೋದು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಶುರುವಾದಾಗಿನಿಂದ ಅಲ್ಲಿ ಹೊರದೇಶದ ನೇಮಕಾತಿ ನಡೆದೇ ಇತ್ತು. ಮೊದಲ ಡೈರೆಕ್ಟರ್ ಮಾರಿಸ್ ಟ್ರ್ಯಾವರ್ಸ್, ರಾಮ್ಸೆ ಜೊತೆ ನಿಯಾನ್ ಕಂಡುಹಿಡಿದವರು. ಆಮೇಲೆ ಬಂದ ಬೋರ್ನ್, ಫಾರ್ಸ್ಟರ್ ಕೂಡ ಇಂಗ್ಲಿಷರೇ. 1933ರಲ್ಲಿ ಸಿ.ವಿ. ರಾಮನ್ ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ.

ಅದೇ ವರ್ಷ ಏಪ್ರಿಲ್‌ನಲ್ಲಿ ಹಿಟ್ಲರ್ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ಕಿತ್ತುಹಾಕೋ ಕಾನೂನು ತಂತು. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿದ್ದ ಬಾರ್ನ್ ಕೆಲಸ ಹೋಯ್ತು. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಜಾಗ ಸಿಕ್ತು, ಅಷ್ಟೇ. ರಾಮನ್‌ಗೆ ಇದು ಕಂಡದ್ದು ಇನ್ನೊಂದು ರೀತಿ. ಯುರೋಪು ಆಚೆ ತಳ್ಳುತ್ತಿರೋ ತಲೆಗಳನ್ನು ನಾವು ಕರೆಸಿಕೊಂಡ್ರೆ ಬೆಂಗಳೂರಿಗೇ ಭೌತಶಾಸ್ತ್ರ ಬರುತ್ತೆ! ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಪ್ರತಿಸ್ಪರ್ಧಿ ಕಂಪನಿ ಲೇಆಫ್ ಮಾಡಿದ ದಿನವೇ ಆಫರ್ ಲೆಟರ್ ಕಳಿಸೋ ಮ್ಯಾನೇಜರ್.

1935ರ ಕೊನೆಗೆ ಬಾರ್ನ್ ದಂಪತಿ ಬಂದರು. ಹುದ್ದೆ ರೀಡರ್, ಅವಧಿ ಆರು ತಿಂಗಳು. ಇಲ್ಲಿ ನಾಗೇಂದ್ರನಾಥರ ಜೊತೆ ಸೇರಿ ಪ್ರಬಂಧವನ್ನೂ ಬರೆದರು. ಕಾಂಟ್ರಾಕ್ಟನ್ನು ಪರ್ಮನೆಂಟ್ ಮಾಡಿ ಪ್ರೊಫೆಸರ್ ಹುದ್ದೆ ಕೊಡೋಣ ಅಂತ ರಾಮನ್ ಪ್ರಾಧ್ಯಾಪಕರ ಸಭೆಯಲ್ಲಿ ಮಾತೆತ್ತಿದರು. ಬಾರ್ನ್ ಅಲ್ಲೇ ಕೂತಿದ್ದರು. ಎಲೆಕ್ಟ್ರಿಕಲ್ ವಿಭಾಗದ ಇಂಗ್ಲಿಷ್ ಪ್ರೊಫೆಸರ್ ಆಸ್ಟನ್ ಎದ್ದು, ಸ್ವಂತ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಕಾಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು ಅಂತ ಬಾರ್ನ್ ನೆನಪಿಸಿಕೊಂಡಿದ್ದಾರೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತೇಬಿಟ್ಟರಂತೆ. ವಯಸ್ಸು ಐವತ್ತು ದಾಟಿತ್ತು.

ಇಲ್ಲಿ ಆಸ್ಟನ್ ಒಬ್ಬರನ್ನೇ ವಿಲನ್ ಮಾಡೋದು ಸುಲಭ. ಆದರೆ ರಾಮನ್ ಕೂಡ ಸಹೋದ್ಯೋಗಿಗಳನ್ನು ಒಲಿಸಿಕೊಂಡು ಹೋಗೋ ಜನ ಅಲ್ಲ. ಹೊಸ ಭೌತಶಾಸ್ತ್ರ ವಿಭಾಗಕ್ಕೆ ದುಡ್ಡು ಹರಿಸ್ತಾರೆ, ಉಳಿದವರ ಬಜೆಟ್ ಕತ್ತರಿಸ್ತಾರೆ ಅನ್ನೋ ಸಿಟ್ಟು ರಸಾಯನಶಾಸ್ತ್ರದವರಿಗೆ ಮೊದಲೇ ಇತ್ತು. ಬಾರ್ನ್ ಹುದ್ದೆ ಆ ಸಿಟ್ಟಿನ ನಡುವೆ ಬಂದು ನಿಂತಿತು. 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಬಂತು, ರಾಮನ್ ಆಡಳಿತವನ್ನು ಟೀಕಿಸಿತು. 1937ರಲ್ಲಿ ಅವರು ಡೈರೆಕ್ಟರ್ ಗಿರಿ ಬಿಟ್ಟು ಬರೀ ಪ್ರೊಫೆಸರಾಗಿ ಉಳಿದರು. ಒಳ್ಳೇ ರಿಕ್ರೂಟರ್ ಒಳ್ಳೇ ಮ್ಯಾನೇಜರೂ ಆಗಿರಬೇಕಿಲ್ಲ, ನಮ್ಮ ಫ್ಲೋರಿನಲ್ಲೂ ನೋಡ್ತೀವಲ್ಲ.

ಬಾರ್ನ್ ವಾಪಸ್ ಹೋದರು. ಕಪಿಟ್ಸಾ ಮಾಸ್ಕೋಗೆ ಕರೆದಿದ್ದರು, ಅಷ್ಟರಲ್ಲಿ ಎಡಿನ್‌ಬರೋ ಖಾಲಿಯಾಯ್ತು, 1936ರಲ್ಲಿ ಅಲ್ಲಿಗೆ ಸೇರಿ ನಿವೃತ್ತಿವರೆಗೂ ಇದ್ದರು. 1954ರಲ್ಲಿ ನೊಬೆಲ್ ಬಂತು. ಯಾವ ಕೆಲಸಕ್ಕೆ? ಇಲ್ಲಿಗೆ ಬರೋ ಒಂಬತ್ತು ವರ್ಷ ಮೊದಲೇ ಮುಗಿಸಿದ್ದ ಕೆಲಸಕ್ಕೆ.

ಆ ಆರು ತಿಂಗಳು ಪೂರ್ತಿ ದಂಡವಾಗಲಿಲ್ಲ. ನಮ್ಮೂರಲ್ಲಿ ಯಾರಾದ್ರೂ ಬೆಂಗಳೂರಿಗೆ ಹೊರಟರೆ, ಪರಿಚಯದವರಿಗೆ ಒಂದು ಚೀಟಿ ಬರೆದು ಕೈಗಿಡ್ತಿದ್ರು. ಬಾರ್ನ್ ಮಾಡಿದ್ದೂ ಅದೇ. ಇಲ್ಲಿ ಪರಿಚಯವಾಗಿದ್ದ ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ತಂಗಿಯ ಮಗ ಒಟ್ಟೋ ಕೋನಿಗ್ಸ್‌ಬರ್ಗರ್ ಹೆಸರು ಹೇಳಿದರು. ಅವನೂ ಜರ್ಮನಿ ಬಿಟ್ಟವನೇ. ಯಾವ ಪ್ರಾಧ್ಯಾಪಕರ ಸಭೆಯೂ ಬೇಕಾಗಲಿಲ್ಲ. 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದು ಸೇರಿದ. ಸೋದರಮಾವನಿಗೆ ಜಾಗ ಕೊಡದ ಅದೇ ಕ್ಯಾಂಪಸ್ಸಿನಲ್ಲಿ ಏರೋನಾಟಿಕಲ್ ವಿಭಾಗದ ಕಟ್ಟಡ ವಿನ್ಯಾಸ ಮಾಡಿದವನು ಆ ಸೋದರಳಿಯನೇ.

ರಾಮನ್ 1948ರಲ್ಲಿ ನಿವೃತ್ತರಾಗಿ, ಹೆಬ್ಬಾಳದ ದಾರಿಯಲ್ಲಿ ಮೇಖ್ರಿ ಸರ್ಕಲ್ ಹತ್ತಿರ ತಮ್ಮದೇ ಸಂಸ್ಥೆ ಕಟ್ಟಿದರು. ಬದುಕಿರೋವರೆಗೂ ಅದಕ್ಕೆ ಸರ್ಕಾರದ ದುಡ್ಡು ತಗೊಳ್ಳಲಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು ಅಂತ ಅಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ.