ಅಭ್ಯಾಸದ ಫಲ ಎಷ್ಟು ದೂರ ಹರಿಯುವುದು?

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರುಗಳಲ್ಲಿ ಗುಡಿಯ ಮುಂದಣ ಕಟ್ಟೆಯ ಚಪ್ಪಡಿಯ ಮೇಲೆ ಗೀರಿದ ಹುಲಿಕುರಿಯ ಮನೆಗಳನ್ನೂ, ಅದೇ ಕಟ್ಟೆಯ ಅಂಚಿನಲ್ಲಿ ಕುಳಿತು ಮೊಬೈಲಿನ ಆಟದಲ್ಲಿ ತಲ್ಲೀನನಾದ ಬಾಲಕನನ್ನೂ ಒಂದೇ ನೋಟದಲ್ಲಿ ಕಂಡವರಿಗೆ, ಆಟವು ಬುದ್ಧಿಯನ್ನು ಬೆಳೆಸುವುದೇ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುವುದು. ತೊಗರಿಯ ರಾಶಿ ಮುಗಿದ ಬಿಡುವಿನಲ್ಲಿ ಹರಳುಗಳನ್ನಿಟ್ಟು ಹುಲಿಯನ್ನು ಕಟ್ಟಿಹಾಕುವ ಹಿರಿಯನು ಮೂರು ನಡೆ ಮುಂದಾಗಿ ಯೋಚಿಸುವನಷ್ಟೆ. ಆ ಯೋಚನಾಶಕ್ತಿ ಅಂಗಡಿಯ ಲೆಕ್ಕಕ್ಕೂ ಹೊಲದ ವಿಚಾರಕ್ಕೂ ಹರಿದು ಹೋಗುವುದೋ, ಅಥವಾ ಆ ಕಲ್ಲಿನ ಮನೆಗಳಲ್ಲಿಯೇ ನಿಂತುಬಿಡುವುದೋ? ಬುದ್ಧಿ, ಮಿದುಳು, ಆಟ ಈ ಮೂರನ್ನೂ ಕುರಿತ ಮನಃಶಾಸ್ತ್ರದ ಸಂಶೋಧನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಪ್ರದಕ್ಷಿಣೆ ಮಾಡುತ್ತ ಬಂದಿದೆ.

1901ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬವರು, ಒಂದು ಬಗೆಯ ಆಕೃತಿಗಳ ವಿಸ್ತೀರ್ಣವನ್ನು ಅಂದಾಜು ಮಾಡುವುದರಲ್ಲಿ ಪಳಗಿದವರು ಬೇರೆ ಬಗೆಯ ಆಕೃತಿಗಳಲ್ಲಿ ಅಷ್ಟು ನೈಪುಣ್ಯವನ್ನು ತೋರಲಾರರೆಂದು ಕಂಡುಕೊಂಡರು. ಇದಕ್ಕೆ ಇದಿರಾಗಿ, ನಾನಾ ಸಾಮರ್ಥ್ಯಗಳ ಹಿಂದೆ ಸರ್ವಸಾಮಾನ್ಯವಾದ ಒಂದು ಬುದ್ಧಿಶಕ್ತಿ ಇರುವುದೆಂದು ಇಂಗ್ಲೆಂಡಿನ ಸ್ಪಿಯರ್‌ಮನ್ 1904ರಲ್ಲಿ ಪ್ರತಿಪಾದಿಸಿದನು. ಆತನ ಬಳಿ ಶಿಕ್ಷಣ ಪಡೆದು ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗಕ್ಕೆ ನೆಲೆಗಟ್ಟು ಹಾಕಿದುದರಿಂದ ಈ ಶಾಸ್ತ್ರವು ಕನ್ನಡನಾಡಿಗೆ ಕಾಲಿಟ್ಟಿತು. ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ ವಿ. ವಿ. ಕಾಮತರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಆದರೆ ಆ ಪರೀಕ್ಷೆಯು ಮುಂಬಯಿ ಕರ್ನಾಟಕದ್ದು. ನಮ್ಮ ಮೂರು ತಾಲ್ಲೂಕುಗಳು ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು.

ಮಾತಿನ ಹಂಗಿಲ್ಲದ ಪರೀಕ್ಷೆಗಳೂ ಉಂಟು. ಸೆಗ್ವಿನನ ಹಲಗೆಯಲ್ಲಿ ವೃತ್ತ, ಚೌಕ, ನಕ್ಷತ್ರ ಮೊದಲಾದ ಹತ್ತು ಗುಳಿಗಳಿರುವುವು; ಪಕ್ಕದಲ್ಲಿ ರಾಶಿಹಾಕಿದ ಹತ್ತು ಮರದ ತುಂಡುಗಳನ್ನು ಮಗುವು ಆಯಾ ಗುಳಿಯಲ್ಲಿ ಕೂಡಿಸಬೇಕು; ಮೂರು ಸಲ ಮಾಡಿಸಿ, ಅತಿ ಕಡಿಮೆಯಾದ ಕಾಲವನ್ನು ಎಣಿಕೆಗೆ ಹಿಡಿಯುವರು. ಚೌಕದ ತುಂಡನ್ನು ವೃತ್ತದ ಗುಳಿಗೆ ಒತ್ತಿ ನೋಡಿ, ಕ್ಷಣಕಾಲ ನಿಂತು, ಕೈಯನ್ನು ಬೇರೆಡೆಗೆ ತಿರುಗಿಸುವ ಆ ಎಳೆಯ ಬೆರಳುಗಳಲ್ಲಿ ಚಿಂತನೆಯೇ ಕಣ್ಣಿಗೆ ಗೋಚರವಾದಂತಾಗುವುದು. ಈ ಹಲಗೆಗೆ ಭಾರತೀಯ ಮಕ್ಕಳ ಮಾನದಂಡವನ್ನು ಮೈಸೂರಿನ ವಾಕ್-ಶ್ರವಣ ಸಂಸ್ಥೆಯಲ್ಲಿ ಭರತರಾಜರು 1971ರಲ್ಲಿ ಸಿದ್ಧಪಡಿಸಿದರು.

ಆಟದ ವಿಚಾರಕ್ಕೆ ಬಂದರೆ, 1973ರಲ್ಲಿ ಚೇಸ್ ಮತ್ತು ಸೈಮನ್ ನಡೆಸಿದ ಪ್ರಯೋಗವು ಮನನೀಯವಾದುದು. ನಿಜವಾದ ಪಂದ್ಯದ ಚದುರಂಗದ ಹಲಗೆಯನ್ನು ಐದು ಸೆಕೆಂಡು ನೋಡಿದ ಪಟುವು ಕಾಯಿಗಳನ್ನು ಬಹುಮಟ್ಟಿಗೆ ನೆನಪಿನಿಂದ ಮರಳಿ ಜೋಡಿಸಿದನು. ಅವೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿದಾಗಲೋ, ಹೊಸಬನಿಗಿಂತ ಹೆಚ್ಚೇನೂ ನೆನಪಿಡಲಾರದೆ ಹೋದನು. 2003ರಲ್ಲಿ ಗ್ರೀನ್ ಮತ್ತು ಬಾವೆಲಿಯರ್, ರಭಸದ ವಿಡಿಯೋ ಆಟಗಳಿಂದ ದೃಷ್ಟಿಯ ಅವಧಾನವು ತೀಕ್ಷ್ಣವಾಗುವುದೆಂದು ತೋರಿಸಿದಾಗ ಆಶೆಗಳು ಚಿಗುರಿದವು. 2010ರಲ್ಲಿ ಓವೆನ್ ಮತ್ತು ಸಂಗಡಿಗರು 11,430 ಜನರಿಗೆ ಆರು ವಾರ ಗಣಕಯಂತ್ರದ ಮೇಲೆ ತರಬೇತಿ ಕೊಟ್ಟು ಪರೀಕ್ಷಿಸಿದಾಗ, ಕಲಿತ ಆಟದಲ್ಲಿ ಪ್ರಗತಿ ಕಂಡಿತಾದರೂ ಅದಕ್ಕೆ ಸಮೀಪದ ಕೆಲಸಗಳಿಗೂ ಅದು ಹರಿಯಲಿಲ್ಲ. ಬುದ್ಧಿವರ್ಧನೆಯ ಆಟಗಳನ್ನು ಅತಿಶಯೋಕ್ತಿಯಿಂದ ಮಾರಿದ ಲುಮೋಸಿಟಿ ಎಂಬ ಸಂಸ್ಥೆಯು 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರು ತೆರಬೇಕಾಯಿತು.

ಅಭ್ಯಾಸದಿಂದಾಗದುದನ್ನು ವಿದ್ಯುತ್ತಿನಿಂದ ಸಾಧಿಸುವ ಹಂಬಲವೂ ಪುರಾತನವಾದುದೇ. ಒಂದನೆಯ ಶತಮಾನದಲ್ಲಿ ರೋಮಿನ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ವಿದ್ಯುನ್ಮೀನವನ್ನು ಹಣೆಗಿಡಲು ವಿಧಿಸಿದ್ದನು. 1985ರಲ್ಲಿ ಶೆಫೀಲ್ಡಿನ ಬಾರ್ಕರ್ ಕಾಂತಕ್ಷೇತ್ರದಿಂದ ಮಿದುಳನ್ನು ಪ್ರಚೋದಿಸಿದನು. 2000ದಲ್ಲಿ ಜರ್ಮನಿಯ ನಿಟ್ಷೆ ಮತ್ತು ಪೌಲಸ್, ಉಪ್ಪುನೀರಿನಲ್ಲಿ ತೊಯ್ಸಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ ಸಾಗಿಸಿದ ಮಂದಪ್ರವಾಹವು ಮಿದುಳಿನ ಉತ್ತೇಜನಶೀಲತೆಯನ್ನು ಮಾರ್ಪಡಿಸುವುದೆಂದು ಕಾಣಿಸಿದರು. ಆದರೆ ಒಂದು ಸಲದ ಪ್ರವಾಹದಿಂದ ಸ್ವಸ್ಥರ ಬುದ್ಧಿಯಲ್ಲಿ ನಂಬಬಹುದಾದ ಫಲ ಕಾಣದೆಂದು 2015ರಲ್ಲಿ ಹೋರ್ವಾತ್ ಮತ್ತಿತರರ ವಿಮರ್ಶೆ ತಿಳಿಸಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡವು ಈ ವಿಧಾನವನ್ನು ಬುದ್ಧಿವಂತಿಕೆಯ ಆಶೆಗಾಗಿ ಅಲ್ಲ, ಇಲ್ಲದ ಧ್ವನಿಗಳು ಕಿವಿಯಲ್ಲಿ ಮೊಳಗಿ ಬಳಲುವ ಸ್ಕಿಜೋಫ್ರೀನಿಯಾ ರೋಗಿಗಳ ಉಪಶಮನಕ್ಕಾಗಿ ಪರಿಶೋಧಿಸುತ್ತ ಬಂದಿದೆ. ಶಾಸ್ತ್ರದ ಘನತೆ ಇರುವುದು ಇಂಥ ವಿನಿಯೋಗದಲ್ಲಿ.

ಅದೇ ನಿಮ್ಹಾನ್ಸಿನಲ್ಲಿ ತಂತ್ರಜ್ಞಾನದ ಗೀಳಿಗೆ ಸಿಕ್ಕವರಿಗಾಗಿ 2014ರಲ್ಲಿ ಶಟ್ ಎಂಬ ಚಿಕಿತ್ಸಾಲಯ ಆರಂಭವಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂಗೀಕರಿಸಿದ ರೋಗವರ್ಗೀಕರಣದಲ್ಲಿ ಆಟದ ವ್ಯಸನವೂ ಸ್ಥಾನ ಪಡೆಯಿತು. ಆಡುವ ಮಕ್ಕಳೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ಹಿಡಿತ ತಪ್ಪಿ, ಮಿಕ್ಕ ಬಾಳೆಲ್ಲ ಬದಿಗೆ ಸರಿದು, ಸಾಮಾನ್ಯವಾಗಿ 12 ತಿಂಗಳಾದರೂ ಆ ಸ್ಥಿತಿ ಮುಂದುವರಿದರೆ ಮಾತ್ರ ಅದು ವ್ಯಾಧಿ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂದು ಮನಃಶಾಸ್ತ್ರದ ಅಧ್ಯಯನ ನಡೆದಿದೆ. ಅದರ ಸುತ್ತಣ ಮನೆಗಳಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ನುಡಿಗಳು ಬೆರೆತಿವೆ. ಅಭ್ಯಾಸದ ಫಲ ತಾನಾಗಿ ದೂರ ಹರಿಯದೆಂಬುದು ಶತಮಾನದ ಪಾಠವಾದ ಮೇಲೆ, ಓದು ಬೇಕಾದ ಮಗುವಿಗೆ ಓದನ್ನೇ, ಲೆಕ್ಕ ಬೇಕಾದ ಮಗುವಿಗೆ ಲೆಕ್ಕವನ್ನೇ ಕಲಿಸಬೇಕಲ್ಲದೆ, ಯಾವ ಯಂತ್ರವೂ ಆಟವೂ ಅದರ ಬದಲಿಗೆ ನಿಲ್ಲಲಾರದು. ಆಟವನ್ನು ಆಟದ ಆನಂದಕ್ಕಾಗಿ ಬಿಟ್ಟುಕೊಡೋಣ. ಅಫಜಲಪುರದ ಮಗುವಿನ ಬುದ್ಧಿಯನ್ನು ಅಳೆಯುವ ದಿನ ಬಂದಾಗ, ಆ ಮಗುವು ತಾಯಿಯೊಡನೆ ಆಡುವ ಮಾತಿನಲ್ಲಿಯೇ ಪ್ರಶ್ನೆ ಕೇಳೋಣ.