ಮುಂಬೈ–ಕರಾಚಿ: 880 ಕಿಲೋಮೀಟರ್, ಮಧ್ಯೆ ದುಬೈ!

ಬೆಂಗಳೂರಿನಿಂದ ಮುಂಬೈಗೆ ಆಕಾಶದಲ್ಲಿ ಎಷ್ಟು ದೂರ? ಸುಮಾರು 840 ಕಿಲೋಮೀಟರ್. ಮುಂಬೈನಿಂದ ಕರಾಚಿಗೆ? ಸುಮಾರು 880. ಅಷ್ಟೇ ಕಣ್ರೀ! ನಮಗೆ ಮುಂಬೈ ಎಷ್ಟು ದೂರವೋ, ಮುಂಬೈಗೆ ಕರಾಚಿಯೂ ಹೆಚ್ಚುಕಮ್ಮಿ ಅಷ್ಟೇ. ಜೆಟ್ ವಿಮಾನಕ್ಕೆ ಎರಡು ಗಂಟೆಯೂ ಬೇಡ. ಆದರೆ ಇವತ್ತು ಟಿಕೆಟ್ ಹುಡುಕಿ ನೋಡಿ, ನೇರ ವಿಮಾನವೇ ಇಲ್ಲ. ದುಬೈಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ವಿಮಾನ ಹತ್ತಿ ವಾಪಸ್ ಪೂರ್ವಕ್ಕೆ ಬರಬೇಕು. 880 ಕಿಲೋಮೀಟರ್ ದಾರಿಗೆ 3,000 ಕಿಲೋಮೀಟರ್‌ಗೂ ಹೆಚ್ಚಿನ ಸುತ್ತು!

ಇದು ಎಂಥ ದಾರಿ ಗೊತ್ತಾ? ಏರ್ ಇಂಡಿಯಾ ಹುಟ್ಟಿದ್ದೇ ಈ ದಾರಿಯಲ್ಲಿ. 1929ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಟಪಾಲನ್ನು ಕರಾಚಿಗೆ ತರಲು ಶುರುಮಾಡಿತು. ಮುಂಬೈ, ಮದ್ರಾಸಿನ ಕಾಗದಗಳು ಅಲ್ಲಿಂದ ಮುಂದೆ ರೈಲಿನಲ್ಲೇ ಬರಬೇಕು. ಈ ತೊಡಕು ಬಿಡಿಸಲು ಹೊರಟವರು ಟಾಟಾದವರು.

1932ರ ಅಕ್ಟೋಬರ್ 15. ಇಪ್ಪತ್ತೆಂಟರ ಹರೆಯದ ಜೆಆರ್‌ಡಿ ಟಾಟಾ ಬೆಳಿಗ್ಗೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಮೇಲೇರಿದರು. ಒಂದೇ ಎಂಜಿನ್ನಿನ ಪುಟ್ಟ 'ಪುಸ್ ಮಾತ್' ವಿಮಾನ, ಒಳಗೆ ಟಪಾಲು ಚೀಲ. ಮಧ್ಯೆ ಅಹಮದಾಬಾದ್‌ನಲ್ಲಿ ಇಳಿದರೆ, ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನಗಾಡಿಯಲ್ಲಿ! ಮಧ್ಯಾಹ್ನ ಎರಡಕ್ಕೆ ಮುಂಚೆ ಜುಹುವಿನಲ್ಲಿ ಇಳಿದಾಗಿತ್ತು. ಒಟ್ಟು ಸುಮಾರು ಏಳು ಗಂಟೆ. ಅಲ್ಲಿಂದ ಟಪಾಲನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರ ದಾರಿ ಯಾವುದು? ನಮ್ಮ ಬಳ್ಳಾರಿ! ಅಂದರೆ ಕರಾಚಿಯ ಕಾಗದ ಬಳ್ಳಾರಿಯ ಮೇಲೆ ಹಾದು ಮದ್ರಾಸು ಸೇರುತ್ತಿತ್ತು.

ಐವತ್ತು ವರ್ಷದ ನಂತರ, 1982ರಲ್ಲಿ, ಜೆಆರ್‌ಡಿ 78ರ ವಯಸ್ಸಿನಲ್ಲಿ ಇನ್ನೊಂದು ಹಳೆಯ ಪುಟ್ಟ ವಿಮಾನವನ್ನು ಕರಾಚಿಯಿಂದ ಮುಂಬೈಗೆ ಹಾರಿಸಿಕೊಂಡು ಬಂದರು. ಅಷ್ಟರಲ್ಲಿ ದೇಶ ಎರಡಾಗಿತ್ತು, ಯುದ್ಧಗಳೂ ಆಗಿದ್ದವು. ಆದರೂ ಆಕಾಶದ ಬಾಗಿಲು ತೆರೆದಿತ್ತು. ನೇರ ವಿಮಾನಗಳು ನಿಲ್ಲುತ್ತಾ, ಮತ್ತೆ ಶುರುವಾಗುತ್ತಾ, ಕಳೆದ ದಶಕದವರೆಗೂ ಓಡಾಡಿದವು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾಯಿತು. ಅದರ ಬೆನ್ನಿಗೇ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ವಾಯುಪ್ರದೇಶವನ್ನೇ ಮುಚ್ಚಿದವು.

ಬಾಗಿಲು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. ಪ್ರವಾಸಕ್ಕೆ ಹೋದವರನ್ನು ಗುಂಡಿಟ್ಟು ಕೊಂದ ಮೇಲೆ ಯಾವ ಸರ್ಕಾರವೂ ಸುಮ್ಮನೆ ಕೂರಲು ಆಗಲ್ಲ. ಆದರೆ ಇದರ ಬೆಲೆ ತೆರುವವರು ಯಾರು ಅನ್ನೋದನ್ನೂ ನಾವು ನೋಡಬೇಕಲ್ವಾ? ವಿಭಜನೆಯಲ್ಲಿ ಸಿಂಧ್ ಬಿಟ್ಟು ಬಂದು ಮುಂಬೈ ಪಕ್ಕದ ಉಲ್ಲಾಸನಗರದಲ್ಲಿ ನೆಲೆಸಿದವರು, ಇತ್ತಿಂದ ಕರಾಚಿಗೆ ಹೋದವರು. ಎರಡೂ ಕಡೆ ನೆಂಟರಿದ್ದಾರೆ. ಮದುವೆಯಾದರೆ ಕಾಯಬಹುದು, ಸಾವು ಕಾಯುತ್ತಾ?

ಲೆಕ್ಕ ಹಾಕಿ. ದುಬೈಗೆ ಮೂರು ಗಂಟೆ, ಅಲ್ಲಿಂದ ಕರಾಚಿಗೆ ಎರಡು. ಮಧ್ಯೆ ಕಾಯುವ ಹೊತ್ತು ಸೇರಿಸಿದರೆ ಏಳು ಗಂಟೆ ಸಲೀಸಾಗಿ ದಾಟುತ್ತೆ. ಎತ್ತಿನಗಾಡಿಯಿಂದ ಪೆಟ್ರೋಲ್ ತುಂಬಿಸಿಕೊಂಡ 1932ರ ಆ ಪುಟ್ಟ ವಿಮಾನವೇ ಇವತ್ತಿನ ಜೆಟ್‌ಗಿಂತ ಬೇಗ ತಲುಪಿತ್ತು!